ಇನ್ನೂರಾ ಒಂಬತ್ತನೇ ಪುಟ

ದಾರದಮ್ಮನಿಗೆ ಪುಸ್ತಕ ಓದುವ ಚಟ ಇರಲಿಲ್ಲ. ಮೂವತ್ತೊಂದು ವರ್ಷ ಗ್ರಂಥಾಲಯದಲ್ಲಿ ಕೆಲಸ ಮಾಡಿದವಳ ಬಗ್ಗೆ ಹೀಗೆ ಹೇಳಿದರೆ ಯಾರೂ ನಂಬುವುದಿಲ್ಲ, ಬೇಡ ಬಿಡಿ. ಅವಳು ಬೈಂಡರ್. ಹರಿದು ಚಿಂದಿಯಾದ ಪುಸ್ತಕಗಳು ಮೇಲಿನ ಮಹಡಿಯಿಂದ ತಳ್ಳುಗಾಡಿಯಲ್ಲಿ ಅವಳ ನೆಲಮಾಳಿಗೆಗೆ ಬರುತ್ತಿದ್ದವು. ಅವಳು ಹಳೆಯ ರಟ್ಟು ಕಿತ್ತು, ಫಾರಂಗಳನ್ನು ಬಿಡಿಸಿ, ಹರಿದ ಅಂಚಿಗೆ ತೆಳುಕಾಗದ ಅಂಟಿಸಿ, ಮೇಣ ಸವರಿದ ದಾರದಲ್ಲಿ ಹೊಲಿದು, ಬೆನ್ನಿಗೆ ಬಟ್ಟೆ ಹಾಕಿ ವಾಪಸು ಕಳಿಸುತ್ತಿದ್ದಳು. ಹದಿನಾರು ಪುಟಕ್ಕೆ ಒಂದು ಫಾರಂ. ಅವಳ ಕಣ್ಣು ಹೋಗುತ್ತಿದ್ದುದು ಪುಟದ ಕೆಳಗಿನ ಅಂಕಿಯ ಮೇಲೆ ಮಾತ್ರ. ಅಂಕಿಗಳು ಸಾಲಾಗಿ ಬಂದರೆ ಅವಳ ಪಾಲಿಗೆ ಕತೆ ಸರಿಯಾಗಿದೆ ಎಂದು ಅರ್ಥ. ಯಾರು ಯಾರನ್ನು ಮದುವೆಯಾದರು, ಯಾರು ಹಾಳಾಗಿ ಹೋದರು ಎನ್ನುವುದೆಲ್ಲ ಮಹಡಿಯ ಮೇಲಿನವರ ತಲೆನೋವು.

ಪುಟಗಳೇ ಕಳೆದುಹೋಗಿದ್ದರೆ ಅದಕ್ಕೂ ಒಂದು ಕ್ರಮವಿತ್ತು. ಎಷ್ಟು ಹಾಳೆ ಇಲ್ಲವೋ ಅಷ್ಟೇ ಖಾಲಿ ಹಾಳೆಗಳನ್ನು ಆ ಜಾಗದಲ್ಲಿ ಸೇರಿಸಿ ಹೊಲಿಯಬೇಕು. ಮುಂದೆ ಎಂದಾದರೂ ಇನ್ನೊಂದು ಪ್ರತಿ ಸಿಕ್ಕರೆ ಅದನ್ನು ನೋಡಿ ಬರೆದು ತುಂಬಿಸಬಹುದಲ್ಲ. ಮೊದಲ ಖಾಲಿ ಹಾಳೆಯ ಮೂಲೆಯಲ್ಲಿ ಯಾವ ಪುಟಗಳಿಲ್ಲ ಎಂದು ಪೆನ್ಸಿಲಿನಲ್ಲಿ ಸಣ್ಣದಾಗಿ ಗುರುತು ಹಾಕಬೇಕು. ಕೆಲಸ ಕಲಿಸಿದ ಹಳೆಯ ಬೈಂಡರ್ ಹೇಳಿಕೊಟ್ಟಿದ್ದು ಇದು. ದಾರದಮ್ಮ ಇದನ್ನು ಒಮ್ಮೆಯೂ ಮೀರಿದವಳಲ್ಲ.

ಓದುವ ಕೆಲಸ ಅಕ್ಕನದು. ಅಕ್ಕ ದೂರವಾಣಿ ಕಚೇರಿಯಲ್ಲಿ ಆಪರೇಟರ್. ದಿನವಿಡೀ ತಂತಿಯ ಆಚೆ ಕಡೆಯವರಿಗೆ ‘ಯಾವ ನಂಬರು ಬೇಕು?’ ಎಂದು ಕೇಳುವ ಉದ್ಯೋಗ. ದನಿ ಮಾತ್ರ, ಹೇಳಬೇಕೆಂದರೆ, ಕೇಳಿದವರು ನಂಬರು ಮರೆತು ನಿಲ್ಲುವಂಥದ್ದು. ಅಕ್ಕತಂಗಿ ಇಬ್ಬರೂ ಮದುವೆಯಾಗಲಿಲ್ಲ. ಆಗಲಿಲ್ಲ ಏಕೆ ಎಂದು ಮೂಗು ತೂರಿಸಿದವರಿಗೆ ಅಕ್ಕ ‘ಲೈನು ಸಿಗಲಿಲ್ಲ’ ಎಂದು ಹೇಳಿ ನಗುತ್ತಿದ್ದಳು. ಎರಡು ಕೋಣೆಯ ಮನೆ, ಹಿಂದುಗಡೆ ಒಂದು ಕಿರಿದಾದ ಜಗಲಿ, ಬಟ್ಟೆ ಒಣಗಿಸುವ ಹಗ್ಗ. ಇಷ್ಟೇ ಅವರ ಸಾಮ್ರಾಜ್ಯ.

ಹತ್ತೊಂಬತ್ತು ವರ್ಷದ ಹಿಂದೆ ಕಾಗದ ಕತ್ತರಿಸುವ ಯಂತ್ರ ದಾರದಮ್ಮನ ಎಡಗೈ ಉಂಗುರ ಬೆರಳಿನ ತುದಿಯನ್ನು ತೆಗೆದುಕೊಂಡಿತು. ಕೈಗೆ ದಪ್ಪ ಬ್ಯಾಂಡೇಜು ಕಟ್ಟಿಸಿಕೊಂಡು ಮನೆಯಲ್ಲಿ ಮಲಗಿದ್ದಳು. ಮಾತಿಲ್ಲ, ಕತೆಯಿಲ್ಲ, ಗೋಡೆ ನೋಡುವುದೇ ಕೆಲಸ. ಅಕ್ಕ ಒಂದು ವಾರ ರಜೆ ಹಾಕಿದಳು. ಅದಕ್ಕೂ ಕೆಲವು ದಿನ ಮುಂಚೆ ದಾರದಮ್ಮ ರದ್ದಿಗೆ ಹೊರಟಿದ್ದ ಒಂದು ಕಾದಂಬರಿಯನ್ನು ಹೊಲಿದು ಮನೆಗೆ ತಂದಿದ್ದಳು. ಅದು ಎಲ್ಲರ ಮನೆಯಲ್ಲೂ ಇರುವ, ಓದದವರೂ ಓದಿದ್ದೇವೆ ಎಂದು ಹೇಳಿಕೊಳ್ಳುವ ಹಳೆಯ ಕಾದಂಬರಿ. ಒಬ್ಬ ಹೆಂಗಸು ಎಂಟು ದಿನದ ರಜೆಗೆ ಒಂದು ದ್ವೀಪಕ್ಕೆ ಹೋಗಿ, ವಾಪಸು ಬರುವ ದೋಣಿ ತಪ್ಪಿಸಿಕೊಂಡು, ಒಂದು ವರ್ಷ ಅಲ್ಲೇ ಉಳಿದುಬಿಡುವ ಕತೆ.

“ರಜೆ ಇದೆ, ಎಲ್ಲಿಗೂ ಹೋಗೋಕೆ ಆಗಲ್ಲ. ಬಾ, ಇಲ್ಲೇ ದ್ವೀಪಕ್ಕೆ ಹೋಗೋಣ,” ಎಂದು ಅಕ್ಕ ಬಟ್ಟೆ ಒಗೆಯುವ ದೊಡ್ಡ ತೊಟ್ಟಿಯನ್ನು ಜಗಲಿಗೆ ಎಳೆದು ತಂದು, ನೀರು ತುಂಬಿ, ಎರಡು ಹಿಡಿ ಉಪ್ಪು ಹಾಕಿದಳು. ಇಬ್ಬರೂ ಎದುರುಬದುರು ಕೂತು ಕಾಲು ಇಳಿಬಿಟ್ಟರು. ಅಕ್ಕ ಓದಿದಳು. ಆರು ದಿನ ಓದಿ ಮುಗಿಸಿದಳು.

ಮುಂದಿನ ವರ್ಷ ಅದೇ ವಾರ ಅಕ್ಕ ಮತ್ತೆ ರಜೆ ಹಾಕಿದಳು. “ಸಮುದ್ರ ತುಂಬಿಸಿದ್ದೀನಿ, ಬಾರೇ!” ಎಂದು ಹಿತ್ತಲಿನಿಂದ ಕೂಗು. ಹೀಗೆ ವರ್ಷಕ್ಕೊಮ್ಮೆ, ಅದೇ ಕಾದಂಬರಿ, ಅದೇ ತೊಟ್ಟಿ. ಕೈ ವಾಸಿಯಾದ ಮೇಲೆ ದಾರದಮ್ಮ ಮನೆಗೆ ತಂದ ಹೊಲಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡೇ ಕೇಳುತ್ತಿದ್ದಳು. ಎರಡು ಪುಟಕ್ಕೊಮ್ಮೆ ಅಕ್ಕ ಓದು ನಿಲ್ಲಿಸಿ, “ಕೇಳ್ತಿದ್ದೀಯಾ, ಇಲ್ಲ ನಿದ್ದೆ ಹೊಡೀತಿದ್ದೀಯಾ?” ಎಂದು ಕೇಳಬೇಕು, ಇವಳು ತಲೆ ಎತ್ತದೆ “ಕೇಳ್ತಿದ್ದೀನಿ, ಓದು” ಎನ್ನಬೇಕು. ಈ ಎರಡು ಮಾತು ಇಲ್ಲದೆ ಆ ಕಾದಂಬರಿ ಮುಂದೆ ಹೋಗುತ್ತಲೇ ಇರಲಿಲ್ಲ.

ದಾರದಮ್ಮನಿಗೆ ಬಲು ಇಷ್ಟವಾದದ್ದು ಕೊನೆ. ವರ್ಷ ಕಳೆದ ಮೇಲೆ ದೋಣಿ ಬರುತ್ತದೆ. ದೋಣಿಯವನು ‘ಬರ್ತೀರಾ?’ ಎಂದು ಕೇಳುತ್ತಾನೆ. ಹೆಂಗಸು ದೋಣಿಯಲ್ಲಿ ತನಗಾಗಿ ಬಂದ ಒಂದು ಸಾಮಾನು ಇಳಿಸಿಕೊಂಡು, ‘ಈಗ ಬೇಡ, ಮುಂದಿನ ಸಲ ನೋಡೋಣ’ ಎಂದು ಅವನನ್ನು ವಾಪಸು ಕಳಿಸುತ್ತಾಳೆ. ಸಾಮಾನು ಮಾತ್ರ ಒಂದು ವರ್ಷ ಕನ್ನಡಕ, ಇನ್ನೊಂದು ವರ್ಷ ಉಣ್ಣೆಯ ಚಪ್ಪಲಿ ಎಂದು ಕೇಳಿದಂತಾಗುತ್ತಿತ್ತು. ಒಮ್ಮೆ ಇವಳು ಕೇಳಿಯೂ ಕೇಳಿದ್ದಳು.

“ಹೋದ ವರ್ಷ ಮೇಜಿನ ದೀಪ ಅಂದಿದ್ದೆ.”

“ದೋಣಿ ತುಂಬ ಸಾಮಾನಿರುತ್ತೆ. ಹೊಲಿಗೆ ಮೇಲೆ ಗಮನ ಇಟ್ಟವಳ ಕಿವಿಗೆ ಎಲ್ಲಾ ಬೀಳುತ್ತಾ?” ಎಂದಿದ್ದಳು ಅಕ್ಕ.

ಅಷ್ಟಕ್ಕೆ ದಾರದಮ್ಮ ಮತ್ತೆ ಹೊಲಿಗೆಗೆ ತಲೆ ಬಗ್ಗಿಸಿದ್ದಳು. ಕೇಳಿಸಿಕೊಳ್ಳುವುದರಲ್ಲಿ ತಾನು ಹಿಂದೆ ಎಂದು ಅವಳಿಗೂ ಗೊತ್ತಿತ್ತು.

ಕೊನೆಯ ಸಲ ಓದುವಾಗ ಅಕ್ಕನಿಗೆ ಕೂರಲು ಆಗುತ್ತಿರಲಿಲ್ಲ. ಮಂಚದ ಮೇಲೆ ದಿಂಬಿಗೆ ಒರಗಿ, ಎದೆಯ ಮೇಲೆ ಪುಸ್ತಕ ನಿಲ್ಲಿಸಿಕೊಂಡು ಓದಿದಳು. ದಾರದಮ್ಮ ಕೋಣೆಯೊಳಗೇ ತೊಟ್ಟಿ ತಂದು, ತಾನೊಬ್ಬಳೇ ಕಾಲು ಇಳಿಬಿಟ್ಟು, ಮಂಚದ ಕಾಲಿನ ಪಕ್ಕ ಕೂತಿದ್ದಳು. ಆರು ದಿನದ ಓದು ಹದಿನಾಲ್ಕು ದಿನವಾಯಿತು. ಕೊನೆಯ ದಿನ ಅಕ್ಕ ಓದಿದ್ದು ಇಷ್ಟು: “ದೋಣಿ ಬಂತು. ಏನು ತರಬೇಕಿತ್ತು ಅಂತ ದೋಣಿಯವನು ಕೇಳಿದ. ಏನೂ ಬೇಡ ಅಂದಳು. ಎದ್ದು ದೋಣಿ ಹತ್ತಿದಳು. ದಡ ಕಾಣೋವರೆಗೂ ತಿರುಗಿ ನೋಡಿದಳು, ನೋಡ್ತಾನೇ ಇದ್ದಳು.”

“ಹತ್ತಲ್ಲ ಅವಳು,” ಎಂದಳು ದಾರದಮ್ಮ.

“ಈ ಸಲ ಹತ್ತಿದಳು ಕಣೇ.”

“ಈ ಸಲ ಅಂದ್ರೆ? ಪುಸ್ತಕ ವರ್ಷಾ ವರ್ಷಾ ಬದಲಾಗುತ್ತಾ? ಸರಿಯಾಗಿ ನೋಡಿ ಓದು. ಓದೋಕಾಗಲ್ಲ ಅಂದ್ರೆ ಬಿಟ್ಟುಬಿಡು, ಬಾಯಿಗೆ ಬಂದಿದ್ದೆಲ್ಲ ಹೇಳ್ಬೇಡ!”

ಅಕ್ಕ “ಆಯ್ತು” ಎಂದು ಪುಸ್ತಕ ಮುಚ್ಚಿದಳು. ದಾರದಮ್ಮ ತೊಟ್ಟಿಯನ್ನು ದರದರ ಎಳೆದುಕೊಂಡು ಹೋಗಿ ನೀರನ್ನು ಬಚ್ಚಲಿಗೆ ಸುರಿದಳು. ಆಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ. ನಾಲ್ಕು ದಿನ ಕಳೆದು, ಮಧ್ಯಾಹ್ನ ಇವಳು ಗಂಜಿ ಆರಿಸುತ್ತಿದ್ದಾಗ, ಅಕ್ಕ ಹೋದಳು.

ಇವಳು ಅಳಲಿಲ್ಲ. ಬೇಕೆಂದೇ ತಡೆದುಕೊಂಡಳು ಎಂದಲ್ಲ, ಅಳು ಬರಲಿಲ್ಲ, ಅಷ್ಟೇ. ಮೂರನೇ ದಿನ ಕೆಲಸಕ್ಕೆ ಹೋದಳು. ಎಂದಿನಂತೆ ಹೊಲಿದಳು. ಅನ್ನಕ್ಕೆ ಉಪ್ಪು ಹಾಕಿದ್ದೇನೋ ಇಲ್ಲವೋ ತಿಂದರೂ ತಿಳಿಯುತ್ತಿರಲಿಲ್ಲ. ಒಂದು ದಿನ ಹಾಳೆಯ ಮೇಲೆ ಕೆಂಪು ಚುಕ್ಕಿ ಕಂಡು, ಇದೆಲ್ಲಿಂದ ಬಂತು ಎಂದು ಹುಡುಕಿದಾಗ ಸೂಜಿ ತನ್ನದೇ ಹೆಬ್ಬೆರಳಲ್ಲಿ ನಿಂತಿತ್ತು. ಪಕ್ಕದ ಮನೆಯಾಕೆ “ಕಲ್ಲೆದೆ ಬಿಡಿ ನಿಮ್ಮದು” ಎಂದಳು. ಇರಬಹುದು ಎಂದುಕೊಂಡಳು ದಾರದಮ್ಮ. ವಿಚಿತ್ರವೆಂದರೆ ಅಕ್ಕನ ಮುಖ, ನಡಿಗೆ, ತಲೆ ಬಾಚುವ ರೀತಿ ಎಲ್ಲ ನೆನಪಿತ್ತು, ದನಿ ಮಾತ್ರ ಹೋಗಿಬಿಟ್ಟಿತ್ತು. ಎಷ್ಟು ಕಿವಿಗೊಟ್ಟರೂ ಬರುತ್ತಿರಲಿಲ್ಲ. ಮನಸ್ಸಿನಲ್ಲಿ ಅಲುಗಾಡುತ್ತಿದ್ದುದು ಒಂದೇ ಪ್ರಶ್ನೆ. ಅಂದು ಅಕ್ಕ ಸರಿಯಾಗಿ ಓದಿದ್ದಳೋ, ತಪ್ಪು ಓದಿದ್ದಳೋ? ತಪ್ಪು ಓದಿದ್ದರೆ ಕಾಯಿಲೆಯ ತಪ್ಪು. ಸರಿಯಾಗಿ ಓದಿದ್ದರೆ, ಸಾಯುವ ಅಕ್ಕನನ್ನು ತಾನು ಸುಮ್ಮಸುಮ್ಮನೆ ಗದರಿದಂತಾಯಿತು. ಪುಸ್ತಕ ಮನೆಯಲ್ಲೇ ಇತ್ತು. ತೆರೆದರೆ ಎರಡು ನಿಮಿಷದ ಕೆಲಸ. ಎಂಟು ತಿಂಗಳು ಅವಳು ಅದನ್ನು ಮುಟ್ಟಲಿಲ್ಲ.

ಕಾದಂಬರಿಯ ಆ ನಿಜವಾದ ದ್ವೀಪಕ್ಕೆ ಒಂದು ವಾರ ಹೋಗಿ ಬರಲು ಅಕ್ಕ ಕಾಯಿಲೆ ಬೀಳುವ ಮುಂಚೆಯೇ ಇಬ್ಬರ ಹೆಸರಿನಲ್ಲಿ ಕೋಣೆ ಹಿಡಿದಿಟ್ಟಿದ್ದಳು. ಆ ದಿನ ಹತ್ತಿರ ಬಂದಾಗ ದಾರದಮ್ಮ ಬೇಡವೆನ್ನಲು ಹೊರಟಳು. ಗ್ರಂಥಪಾಲಕರು ನೆಲಮಾಳಿಗೆಗೆ ತಾವೇ ಇಳಿದು ಬಂದರು. “ಹೋಗಿ ಬನ್ನಿ. ಇಲ್ಲಾಂದ್ರೆ ಈ ಕೋಣೆಗೆ ನಾನೇ ಬೀಗ ಜಡೀತೀನಿ,” ಎಂದರು. ಮೂವತ್ತೊಂದು ವರ್ಷದಲ್ಲಿ ಅವರು ಇಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ದಾರದಮ್ಮ ಪುಸ್ತಕವನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಟಳು. ದಿನಕ್ಕೆ ಇಷ್ಟು ಎಂದು ಓದುವುದು, ಕೊನೆಯನ್ನು ಆರನೆಯ ದಿನ ನೋಡುವುದು, ಓದುತ್ತ ಹೋದರೆ ಅಕ್ಕನ ದನಿಯೂ ಎಲ್ಲಾದರೂ ಸಿಕ್ಕೀತು. ಇದು ಅವಳ ಲೆಕ್ಕಾಚಾರ.

ದೋಣಿ ಕಟ್ಟೆಗೆ ತಾಗಿದಾಗ ಕಂಡದ್ದು ಒಂದು ದೊಡ್ಡ ಹಲಗೆ. ನೀಲಿ ಅಕ್ಷರಗಳಲ್ಲಿ ‘ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ’ ಎಂದು ಬರೆದಿತ್ತು. ಜೊತೆಗೆ ಬಂದವರೆಲ್ಲ ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಂಡರು. ಯಾವುದೋ ಎಚ್ಚರಿಕೆಯ ಫಲಕವಿರಬೇಕು, ತಿರುಗಿ ನೋಡುತ್ತ ನಡೆದು ಯಾರೋ ನೀರಿಗೆ ಬಿದ್ದಿರಬೇಕು ಎಂದುಕೊಂಡು ದಾರದಮ್ಮ ಪೆಟ್ಟಿಗೆ ಎತ್ತಿಕೊಂಡು ನಡೆದಳು.

ಇಡೀ ದ್ವೀಪವೇ ಆ ಕಾದಂಬರಿಯಿಂದ ಹೊಟ್ಟೆ ಹೊರೆದುಕೊಳ್ಳುತ್ತಿತ್ತು. ಲಾಡ್ಜಿನ ಕೋಣೆಗಳಿಗೆ ನಂಬರಿಲ್ಲ, ಅಧ್ಯಾಯಗಳು. ಒಡತಿ ದುಂಡುಮುಖದ, ಬಾಯಿ ತುಂಬ ಮಾತಾಡುವ ಹೆಂಗಸು. ಬೀಗದಕೈ ಕೊಡುತ್ತ, “ನಿಮ್ಮದು ಏಳನೇ ಅಧ್ಯಾಯ. ಸಮುದ್ರದ ಕಡೆ ಜಗಲಿ ಇದೆ. ಹನ್ನೊಂದನೇ ಅಧ್ಯಾಯದ ಬಚ್ಚಲಲ್ಲಿ ನೀರು ಸೋರುತ್ತೆ, ಅದಕ್ಕೆ ನಿಮಗೆ ಕೊಡಲಿಲ್ಲ. ಇನ್ನೊಬ್ಬರು ಎಲ್ಲಿ?” ಎಂದಳು.

“ಬರಲ್ಲ,” ಎಂದಳು ದಾರದಮ್ಮ.

ಕೋಣೆಯಲ್ಲಿ ಎರಡು ಮಂಚ, ಎರಡು ಟವೆಲು, ಎರಡು ಲೋಟ. ಜಗಲಿಯಲ್ಲಿ ಎರಡು ಬೆತ್ತದ ಕುರ್ಚಿ. ಸಮುದ್ರ ಎದುರಿಗೇ ಇತ್ತು. ಶಾಂತವಾಗಿತ್ತು, ನೀಲಿಯಾಗಿತ್ತು, ದೊಡ್ಡದಾಗಿತ್ತು. ಅವಳು ನೋಡಿದಳು. ಚೆನ್ನಾಗಿದೆ ಎಂದು ಗೊತ್ತಾಯಿತು, ಚೆನ್ನಾಗಿದೆ ಎನ್ನಿಸಲಿಲ್ಲ. ಕೆಳಗೆ ಇಳಿದು ಕಾಲು ಒದ್ದೆ ಮಾಡಿಕೊಳ್ಳಬೇಕು ಎಂದೂ ಅನ್ನಿಸಲಿಲ್ಲ.

ಐದು ದಿನ ಒಂದೇ ಥರ ಕಳೆದವು. ಬೆಳಗ್ಗೆ ಬ್ರೆಡ್ಡು, ಚಹಾ. ಮಧ್ಯಾಹ್ನ ಮೀನು, ಬೇಯಿಸಿದ ಆಲೂಗಡ್ಡೆ. ಮಿಕ್ಕ ಹೊತ್ತು ಜಗಲಿಯ ಕುರ್ಚಿ, ಮಡಿಲಲ್ಲಿ ಪುಸ್ತಕ, ಸಾಲಿನ ಕೆಳಗೆ ಬೆರಳು. ಓದುವುದು ರೂಢಿಯಿಲ್ಲದವಳು. ಶಬ್ದಗಳು ಒಂದೊಂದಾಗಿ ಬಂದವು, ಕೂತವು, ಎದ್ದು ಹೋದವು. ದನಿ ಬರಲಿಲ್ಲ. ನಲವತ್ತನೇ ಪುಟದಲ್ಲಿ ದೋಣಿ ತಪ್ಪಿತು, ನೂರಾ ಇಪ್ಪತ್ತರಲ್ಲಿ ಬಿರುಗಾಳಿ ಬಂತು. ಇವಳ ಕಣ್ಣಿಗೆ ಬಿದ್ದದ್ದು ಎಂಬತ್ತನೇ ಪುಟದ ಹತ್ತಿರ ತಾನು ಹಾಕಿದ ಹೊಲಿಗೆ ಸ್ವಲ್ಪ ಸಡಿಲವಾಗಿದೆ ಎನ್ನುವುದು. ಒಡತಿ ಬಂದು “ಎಲ್ಲಿವರೆಗೆ ಬಂತು?” ಎಂದು ವಿಚಾರಿಸಿಕೊಂಡು ಹೋಗುತ್ತಿದ್ದಳು. ಇವಳು ಪುಟದ ಅಂಕಿ ಹೇಳುತ್ತಿದ್ದಳು.

ಆರನೆಯ ದಿನ ಊಟವಾದ ಮೇಲೆ ಇನ್ನೂರಾ ಏಳನೇ ಪುಟ ಮುಗಿಯಿತು. ದಾರದಮ್ಮ ಬೆರಳಿಗೆ ಎಂಜಲು ತಾಗಿಸದೆ, ಬೈಂಡರುಗಳು ಮಗುಚುವ ಹಾಗೆ ಮೇಲಿನ ಮೂಲೆಯಿಂದ ಹಾಳೆ ಮಗುಚಿದಳು. ಎಡಗಡೆ ಇನ್ನೂರಾ ಎಂಟನೇ ಪುಟ, ದೂರದಲ್ಲಿ ದೋಣಿ ಕಾಣಿಸಿದ್ದೇ ಅದರ ಕೊನೆಯ ಸಾಲು.

ಬಲಗಡೆ ಖಾಲಿ ಹಾಳೆ.

ಮೇಲಿನ ಮೂಲೆಯಲ್ಲಿ ಪೆನ್ಸಿಲಿನ ಸಣ್ಣ ಅಕ್ಷರ: ‘೨೦೯ ರಿಂದ ೨೨೪ ಇಲ್ಲ.’ ಅವಳದೇ ಕೈಬರಹ. ಮಗುಚಿದಳು. ಖಾಲಿ. ಮತ್ತೆ ಮಗುಚಿದಳು. ಎಂಟು ಹಾಳೆ, ಹದಿನಾರು ಪುಟ, ಪೂರಾ ಒಂದು ಫಾರಂ, ಕ್ರಮಪ್ರಕಾರ ಅಚ್ಚುಕಟ್ಟಾಗಿ ಹೊಲಿದದ್ದು. ವಾರಕ್ಕೆ ಮೂವತ್ತು ಪುಸ್ತಕ ಹೊಲಿಯುವವಳಿಗೆ ಹತ್ತೊಂಬತ್ತು ವರ್ಷದ ಹಿಂದಿನ ಒಂದು ಫಾರಂ ಹೇಗೆ ನೆನಪಿರಬೇಕು! ಕೊನೆಯಿಲ್ಲದ ಪುಸ್ತಕವನ್ನು ಹೊಲಿದು ಅಕ್ಕನ ಕೈಗೆ ಕೊಟ್ಟು ಮರೆತುಬಿಟ್ಟಿದ್ದಳು. ಮರುವಾರವೇ ಬೆರಳು ಹೋಗಿತ್ತು. ಬ್ಯಾಂಡೇಜು ಕಟ್ಟಿಕೊಂಡು ಗೋಡೆ ನೋಡುತ್ತಿದ್ದವಳಿಗೆ ‘ಇದರಲ್ಲಿ ಕೊನೆಯೇ ಇಲ್ಲವಲ್ಲೇ’ ಎನ್ನಲು ಅಕ್ಕನಿಗೆ ಬಾಯಿ ಬಂದಿರಲಿಕ್ಕಿಲ್ಲ.

ಹಾಗಾದರೆ ಹತ್ತೊಂಬತ್ತು ವರ್ಷ ಅಕ್ಕ ಓದಿದ್ದು ಏನನ್ನು?

ಅವಳು ಮೊದಲ ಖಾಲಿ ಹಾಳೆಗೆ ವಾಪಸು ಬಂದಳು. ಅದರ ಹಿಂಬದಿಯಲ್ಲಿ, ಹೊಲಿಗೆಯ ಒಳ ಅಂಚಿಗೆ ಒತ್ತಿ, ತೀರ ತೆಳುವಾಗಿ, ಇನ್ನೂ ಏನೋ ಇತ್ತು. ಪುಸ್ತಕವನ್ನು ಬೆಳಕಿಗೆ ಓರೆ ಮಾಡಿದಳು. ಅಕ್ಕನ ಅಕ್ಷರ. ಒಂದರ ಕೆಳಗೆ ಒಂದು. ಬೆರಳಿಗೆ ಚರ್ಮದ ಟೊಪ್ಪಿಗೆ. ಮೇಜಿನ ದೀಪ. ಕನ್ನಡಕ. ಉಣ್ಣೆ ಚಪ್ಪಲಿ. ಬೆನ್ನಿಗೆ ದಿಂಬು. ಹೀಗೆ ಹದಿನೆಂಟು. ಹಿಂದೆ ಹೇಳಿದ್ದನ್ನೇ ಮತ್ತೆ ಹೇಳಿ ಸಿಕ್ಕಿಬೀಳಬಾರದು ಎಂದು ಬರೆದಿಟ್ಟುಕೊಂಡದ್ದು.

ದಾರದಮ್ಮ ಆ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದಳು, ಆಮೇಲೆ ಕೆಳಗಿಂದ ಮೇಲಕ್ಕೆ. ಚರ್ಮದ ಟೊಪ್ಪಿಗೆ ಈಗಲೂ ಅವಳ ಕೆಲಸದ ಮೇಜಿನ ಮೇಲಿತ್ತು. ಬೆರಳಿನ ಗಾಯ ಮಾಯ್ದ ವಾರ ಅಕ್ಕ ತಂದುಕೊಟ್ಟದ್ದು. ಕಣ್ಣು ಮಂಜಾದ ವರ್ಷ ಕನ್ನಡಕ. ನೆಲಮಾಳಿಗೆಯ ಚಳಿಗೆ ಕಾಲು ಬಾತ ವರ್ಷ ಉಣ್ಣೆ ಚಪ್ಪಲಿ. ಕತೆಯ ದೋಣಿಯಲ್ಲಿ ಬಂದ ಸಾಮಾನು ಒಂದೆರಡು ವಾರಕ್ಕೆ ಮನೆಗೂ ಬರುತ್ತಿತ್ತು. “ಕತೇಲಿ ಬಂದಿತ್ತಲ್ಲ, ಅಂಗಡೀಲಿ ಕಾಣಿಸ್ತು, ತಂದೆ,” ಎನ್ನುತ್ತಿದ್ದಳು ಅಕ್ಕ. ಇವಳು ಪೆದ್ದಿಯ ಹಾಗೆ ‘ಒಳ್ಳೇ ಕಾದಂಬರಿ’ ಎಂದುಕೊಂಡಿದ್ದಳು.

ಹತ್ತೊಂಬತ್ತನೆಯದು ಪಟ್ಟಿಯಲ್ಲಿರಲಿಲ್ಲ. ಆಗ ಅಕ್ಕನ ಕೈಯಲ್ಲಿ ಪೆನ್ಸಿಲು ನಿಲ್ಲುತ್ತಿರಲಿಲ್ಲ.

ದಾರದಮ್ಮ ಎದ್ದು ಊಟದ ಕೋಣೆಗೆ ಹೋದಳು. ಅಲ್ಲಿ ಗಾಜಿನ ಬೀರುವಿನಲ್ಲಿ ಅದೇ ಕಾದಂಬರಿಯ ಇಪ್ಪತ್ತು ಮೂವತ್ತು ಪ್ರತಿಗಳಿದ್ದವು. ಒಡತಿ ಚಮಚಗಳನ್ನು ಒರೆಸುತ್ತಿದ್ದಳು.

“ನಂದರಲ್ಲಿ ಕೊನೇ ಪುಟಗಳಿಲ್ಲ. ಒಂದು ಪ್ರತಿ ಕೊಡ್ತೀರಾ?”

“ಅಯ್ಯೋ, ಕೊನೇನೇ ಇಲ್ವಾ! ಅದಕ್ಕೇ ಅಲ್ವೇ ಜನ ಇಲ್ಲಿಗೆ ಬರೋದು,” ಎಂದು ಒಡತಿ ಬೀರು ತೆರೆದು ಕೊಟ್ಟಳು. “ಆ ದೋಣಿಕಟ್ಟೆ ಹಲಗೆ ನೋಡಿದ್ರಲ್ಲ? ಅದೇ ಕೊನೇ ಸಾಲು. ದೋಣಿ ಹತ್ತಿ ಹೋಗಿಬಿಡ್ತಾಳೆ, ಹಿಂತಿರುಗಿ ಕೂಡ ನೋಡಲ್ಲ. ಏನು ಗಟ್ಟಿ ಹೆಂಗಸು ಅಂತೀರಿ!”

ದಾರದಮ್ಮ ನಿಂತಲ್ಲೇ ಇನ್ನೂರಾ ಒಂಬತ್ತರಿಂದ ಓದಿದಳು. ದೋಣಿ ಬಂತು. ದೋಣಿಯವನು ಸಾಮಾನೇನೂ ತಂದಿರಲಿಲ್ಲ. ಹೆಂಗಸು ಒಂದು ವರ್ಷದ ಬದುಕನ್ನು ಹಿಂದೆ ಬಿಟ್ಟು ದೋಣಿ ಹತ್ತಿದಳು. ಕೊನೆಯ ಪುಟದ ಕೊನೆಯ ಸಾಲು ಹಲಗೆಯ ಮೇಲಿದ್ದದ್ದೇ. ಎಲ್ಲ ಸರಿಯಾಗಿತ್ತು. ಅಂಕಿಗಳೂ ಸಾಲಾಗಿದ್ದವು.

ಅಂದರೆ ಅಕ್ಕನಿಗೆ ನಿಜವಾದ ಕೊನೆ ಮೊದಲಿನಿಂದಲೂ ಗೊತ್ತಿತ್ತು. ಹದಿನೆಂಟು ವರ್ಷ ಅದನ್ನು ಮುಚ್ಚಿಟ್ಟು, ಖಾಲಿ ಹಾಳೆ ಮಗುಚುತ್ತ, ದೋಣಿಯನ್ನು ವಾಪಸು ಕಳಿಸಿದ್ದಳು. ಇನ್ನು ಕಳಿಸಲು ಆಗುವುದಿಲ್ಲ ಎಂದು ತಿಳಿದ ವರ್ಷ, ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಕೊನೆಯ ಸಾಲೊಂದನ್ನು ಮಾತ್ರ ತಾನಾಗಿ ಬದಲಾಯಿಸಿದಳು. ತಂಗಿ ಬೈದದ್ದು ಇದ್ದ ಹಾಗೇ ಹೇಳಿದ್ದಕ್ಕೆ.

“ಏನಾಯ್ತಮ್ಮಾ?” ಎಂದಳು ಒಡತಿ.

“ಏನಿಲ್ಲ. ಪೆನ್ಸಿಲಿದ್ರೆ ಕೊಡಿ.”

ಪ್ರತಿ ಸಿಕ್ಕರೆ ನೋಡಿ ತುಂಬಿಸಬೇಕು, ಅದು ಕ್ರಮ. ಬೇಕಾದರೆ ಸಂಜೆಯೊಳಗೆ ಹದಿನಾರು ಪುಟವನ್ನೂ ಬರೆದು ಮುಗಿಸಬಹುದಿತ್ತು. ದಾರದಮ್ಮ ಆ ಪ್ರತಿಯನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು ಜಗಲಿಗೆ ಬಂದಳು. ಒಂದು ಕುರ್ಚಿಯಲ್ಲಿ ತಾನು ಕೂತು, ಖಾಲಿ ಕುರ್ಚಿಯನ್ನು ಎದುರಿಗೆ ಎಳೆದುಕೊಂಡಳು. ಅಕ್ಕನ ಪಟ್ಟಿಯ ಕೆಳಗೆ, ಅದೇ ಸಾಲು ಹಿಡಿದು, ಹತ್ತೊಂಬತ್ತನೆಯದನ್ನು ತಾನು ಬರೆದಳು: ‘ಏನೂ ಬೇಡ ಅಂದಳು. ಹತ್ತಿದಳು. ತಿರುಗಿ ನೋಡಿದಳು.’ ಬರೆಯುವುದು ನಿಧಾನ, ಕೈ ಹೊಲಿಗೆಯದು. ‘ನೋಡ್ತಾನೇ ಇದ್ದಳು’ ಎಂದು ಸೇರಿಸಿದಳು.

ಆಗ ಕೇಳಿಸಿತು. ಎಲ್ಲೋ ದೂರದಿಂದಲ್ಲ, ಎದುರಿನ ಕುರ್ಚಿಯಿಂದಲೇ ಬಂದಷ್ಟು ಹತ್ತಿರ, ತಂತಿಯ ಮೇಲೆ ನಲವತ್ತು ವರ್ಷ ದುಡಿದ ಆ ದನಿ, ಸ್ವಲ್ಪ ರೇಗಿಸುವ ಹಾಗೆ: ಕೇಳ್ತಿದ್ದೀಯಾ, ಇಲ್ಲ ನಿದ್ದೆ ಹೊಡೀತಿದ್ದೀಯಾ?

“ಕೇಳ್ತಿದ್ದೀನಿ,” ಎಂದಳು ದಾರದಮ್ಮ, ಗಟ್ಟಿಯಾಗಿ. “ಕೇಳ್ತಿದ್ದೀನಿ ಅಕ್ಕ, ಓದು.”

ಪಕ್ಕದ ಎಂಟನೇ ಅಧ್ಯಾಯದವರು ಜಗಲಿಯಿಂದ ಇಣುಕಿ ನೋಡಿದರು. ಇವಳಿಗೆ ಅದು ಕಾಣಲಿಲ್ಲ. ಹಾಳೆ ನೆನೆಯಬಾರದು ಎಂದು ಪುಸ್ತಕವನ್ನು ಮುಚ್ಚಿ, ಸೀರೆಯ ತುಂಡಿನಲ್ಲಿ ಸುತ್ತಿ, ಎದ್ದು ಒಳಗೆ ಹೋಗಿ ಎರಡನೇ ಮಂಚದ ಮೇಲೆ ದಿಂಬಿನ ಹತ್ತಿರ ಇಟ್ಟಳು. ಆಮೇಲೆ ಬಂದು ಕೂತು ಅತ್ತಳು.